ಅರೆಗಿವುಡು

ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಎಂದು
ದಿನಕ್ಕೆ ಇನ್ನೂರು ಸಲ ಕೂಗುವ ಗಂಟಲು.
ರಾತ್ರಿ ಹತ್ತರ ಮೇಲೆ
ಇದರಿಂದಲೇ ಹಾಡು ತೆಗೆಯಬೇಕು.

ಚಿಲ್ಲರೆ ಎಣಿಸಿ ಕಪ್ಪಾದ ಬೆರಳಲ್ಲಿ
ಫೋನಿನ ಪರದೆ ಉಜ್ಜುತ್ತೇನೆ:
ಮೂರು ಸಾವಿರದ ಮೈಕು, ಮೂವತ್ತು ಸಾವಿರದ ಮೈಕು,
ಚಿತ್ರದಲ್ಲಿ ಎರಡಕ್ಕೂ ಒಂದೇ ಹೊಳಪು.
ನನ್ನಲ್ಲಿರುವುದು ನಾಲ್ಕು ಸಾವಿರದ ಆರುನೂರು,
ಓವರ್‌ಟೈಮಿನದು,
ಪ್ರಫುಲ್ಲಳಿಗೆ ಹೇಳದ್ದು.

ಮೊದಲು ತಂದದ್ದು ಕಂಡೆನ್ಸರ್.
ಹಂಪನಕಟ್ಟೆಯ ಅಂಗಡಿ ಹುಡುಗ,
ಭಾರೀ ಸೂಕ್ಷ್ಮ ಅಣ್ಣಾ, ಉಸಿರೂ ಬೀಳ್ತದೆ ಎಂದ.
ಬಿತ್ತು. ಉಸಿರು ಬಿತ್ತು,
ಫ್ಯಾನಿನ ಕಟಕಟ ಬಿತ್ತು,
ಪಕ್ಕದ ಸೆವ್ರಿನ್ ಬಾಯಿಯ ತೇರ್ಸು
ಐವತ್ತಮೂರು ಮಣಿಯೂ ಬಿತ್ತು,
ಮಹಾಕಾಳಿಪಡ್ಪಿನ ಗೇಟು ದಾಟುವ ಗೂಡ್ಸು ರೈಲು
ಒಂದೊಂದೇ ಡಬ್ಬಿಯಾಗಿ
ನನ್ನ ಪಲ್ಲವಿಯೊಳಗೆ ನುಗ್ಗಿ ಹೋಯಿತು.
ಕೇಳಿ ನೋಡಿದರೆ
ಹಾಡುತ್ತಿರುವುದು ಇಡೀ ಜೆಪ್ಪು,
ನಾನು ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದೇನೆ.

ನಾನೂರು ಹಿಡಿದುಕೊಂಡು ವಾಪಸು ತೆಗೆದುಕೊಂಡರು.

ವೆಲೆನ್ಸಿಯಾದ ಲಿಗೋರಿ ಪರ್ಬುಗಳು
ಸೌಂಡ್ಸ್ ಮುಚ್ಚಿ ಎರಡು ವರ್ಷ.
ಗೋಣಿಯೊಳಗಿಂದ ಒಂದನ್ನೆತ್ತಿ
ಅಂಗೈಗೆ ಎರಡು ಸಲ ಕುಟ್ಟಿದರು:
ರೋಸಿನ ಟೋಸ್ಟು, ಕೋಲದ ನುಡಿ, ಓಟಿನ ಭಾಷಣ,
ಎಲ್ಲದರ ಎಂಜಲು ತಿಂದದ್ದು ಇದು ಮಾರಾಯಾ.
ಮೂತಿ ಜಜ್ಜಿದೆ. ಕಿವಿ ಮಂದ.
ಹತ್ತಿರ ಬಂದವರದ್ದು ಮಾತ್ರ ಕೇಳ್ತದೆ.

ಸಾವಿರದ ಇನ್ನೂರು. ವಯರು ಪುಕ್ಕಟೆ,
ವಯರಿನ ಟೇಪಿಗೆ ಅಂಟಿದ
ಯಾರದೋ ಮದುವೆಯ ಜಿಗಿಜಿಗಿಯೂ ಪುಕ್ಕಟೆ.
ಫೋನಿಗೆ ಸಿಕ್ಕಿಸಲು ಮುನ್ನೂರರ ಒಂದು ಪಿನ್ನು.

ತುಟಿ ತಾಗುವಷ್ಟು ಹತ್ತಿರ ಹಿಡಿದೆ.
ತಗಡಿನ ವಾಸನೆ, ವೀಳ್ಯದ ವಾಸನೆ,
ಗೆದ್ದವರ ಬಾಯಿ, ಸೋತವರ ಬಾಯಿ.
ರೈಲು ಬಂತು, ಇದಕ್ಕೆ ಗೊತ್ತಾಗಲಿಲ್ಲ.
ತೇರ್ಸು ಮುಗಿಯಿತು, ಗೊತ್ತಾಗಲಿಲ್ಲ.
ನನ್ನ ದನಿ ಮಾತ್ರ,
ಹರಿದ ಟಿಕೆಟಿನ ಅಂಚಿನ ಹಾಗೆ.
ಇಷ್ಟು ಒರಟು ಎಂದು ಯಾರೂ ಹೇಳಿರಲಿಲ್ಲ.

ಸ್ವಲ್ಪ ಎಕೋ ಸವರಿದರೆ ಮುಚ್ಚಿಹೋದೀತು.
ಆ್ಯಪಿನಲ್ಲಿ ಹಾಲ್ ಉಂಟು, ಗುಹೆ ಉಂಟು,
ಹದಿನಾಲ್ಕು ದಿನಕ್ಕೆ ಇಗರ್ಜಿಯೂ ಉಂಟು,
ಹದಿನೈದನೆಯ ದಿನ ದುಡ್ಡು.
ಹಚ್ಚಿ ಕೇಳಿದೆ. ಯಾರೋ ದೊಡ್ಡ ಮನುಷ್ಯನ
ಬಾಡಿಗೆ ಕೋಟು ತೊಟ್ಟ ಹಾಗಾಯಿತು,
ತೋಳು ಬೆರಳು ದಾಟಿ ಕೆಳಗೆ.

ತಡ್ಪೆ ಮಡಿಲಲ್ಲಿಟ್ಟು
ಬೀಡಿಯ ಎಲೆ ಕತ್ತರಿಸುತ್ತಿದ್ದ ಪ್ರಫುಲ್ಲ
ತಲೆ ಎತ್ತದೆ ಹೇಳಿದಳು:
ಎಕೋ ಬೇಕಾದರೆ ಬಾವಿ ಉಂಟಲ್ಲ.
ಮತ್ತೊಂದು ಕಟ್ಟು ಮುಗಿಸಿ:
ಓವರ್‌ಟೈಮಿನದ್ದು ನನಗೆ ಗೊತ್ತುಂಟು.

ಹನ್ನೊಂದೂವರೆ. ಬಕೆಟಿನಲ್ಲಿ
ಮಗಳ ಆಟದ ಸ್ಪೀಕರು, ಬಟ್ಟೆ ಸುತ್ತಿ.
ಅದರ ಮೇಲೆ ಒಂದು ಮೊಳಕ್ಕೆ ಮೈಕು,
ಬೆನ್ನು ಸ್ಪೀಕರಿಗೆ, ಮೂತಿ ಕಲ್ಲಿನ ಗೋಡೆಗೆ.
ಹಗ್ಗ ಅವಳ ಕೈಯಲ್ಲಿ,
ವಯರು ನನ್ನದರಲ್ಲಿ.
ರಾಟೆ ಕಿರ್ರೆಂದಿತು, ಎಣ್ಣೆ ಕಾಣದೆ ಎಷ್ಟೋ ಕಾಲ.
ನೀರಿಗೆ ಇನ್ನೊಂದು ಗೇಣು ಎನ್ನುವಾಗ
ಅಭ್ಯಾಸಬಲ, ಬಾಯಿಗೆ ಬಂದದ್ದು,
ಹೋಲ್ಡಾನ್!
ಅವಳು ಹಿಡಿದಳು.
ನಗು ತಡೆದು ಹಗ್ಗ ನಡುಗಿತು.

ಯಾವ ಹಾಡು ಎಂದು ಕೇಳಬೇಡಿ,
ಎರಡನೇ ಚರಣ ಇನ್ನೂ ಬರೆದಾಗಿಲ್ಲ.
ಒರಟು ಹಾಗೆಯೇ ಉಂಟು,
ಆದರೆ ಈಗ ಅದಕ್ಕೆ ಕೆಳಗೆ ಎಲ್ಲೋ ಒಂದು ತಳ ಉಂಟು.
ಆಮೆ ಮುಳುಗಿದ ಒಂದು ಗುಳುಕ್.
ಅದೂ ಇರಲಿ.

ಒಂದು ನಿಮಿಷ ಹನ್ನೆರಡು ಸೆಕೆಂಡಿಗೆ
ಮೇಲಿನಿಂದ, ಬಹಳ ದೂರದಿಂದ,
ಕೈ ನೋಯ್ತದೆ, ಇನ್ನು ಎಷ್ಟು ಉಂಟು?
ಎಂದು ಒಬ್ಬಳು ಕೇಳುತ್ತಾಳೆ.
ಅರೆಗಿವುಡಿಗೆ ಅದು ಹೇಗೆ ಕೇಳಿಸಿತೋ.
ಕತ್ತರಿಸಲು ಬೆರಳಿಟ್ಟು
ಮತ್ತೊಮ್ಮೆ ಹಾಕಿ ಕೇಳುತ್ತಿದ್ದೇನೆ.
ಬೆಳಿಗ್ಗೆ ಐದೂಮುಕ್ಕಾಲಿಗೆ ಮೊದಲ ಟ್ರಿಪ್ಪು.